ಚೀನಾ ರೇಷ್ಮೆ ಬಂದಾಗ ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳು ರೇಷ್ಮೆಯನ್ನೇ ನಂಬಿಕೊಂಡಿವೆ. ಹುಳು ಸಾಕುವವರೂ ಇದ್ದಾರೆ, ನೂಲು ಬಿಚ್ಚುವವರೂ ಇದ್ದಾರೆ. ಚೀನಾ ರೇಷ್ಮೆ ಜಾಸ್ತಿ ಬಂತು ಅಂದರೆ ಸಾಕು, ಗೂಡಿನ ಬೆಲೆ ಬೀಳುತ್ತದೆ. ಜನ ಬಂದು ನಮ್ಮನ್ನು ಕೇಳುತ್ತಾರೆ. ನಾವು ಚರಂಡಿ, ಬೀದಿದೀಪ ನೋಡಿಕೊಳ್ಳುವವರು. ಈ ಜಾಗತೀಕರಣದ ಎದುರು ಒಂದು ಪಂಚಾಯಿತಿ ಏನು ತಾನೇ ಮಾಡಲು ಆಗುತ್ತದೆ? ಇನ್ನೊಂದು ಮಾತು. ನೂಲು ಬಿಚ್ಚುವ ರೀಲಿಂಗ್ ಘಟಕಗಳಿಗೆ ಪಂಚಾಯಿತಿ ತೆರಿಗೆ ಬಿಟ್ಟರೆ ಅವರು ಉಳಿದುಕೊಳ್ಳುತ್ತಾರೆ ಅಂತ ಕೆಲವು ಸದಸ್ಯರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ: ನಮಸ್ಕಾರ. "ನಾವು ಚರಂಡಿ, ಬೀದಿದೀಪ ನೋಡಿಕೊಳ್ಳುವವರು" ಎಂಬ ಮಾತನ್ನು ನೀವು ಸ್ವಲ್ಪ ಬೇಸರದಿಂದಲೇ ಬರೆದ ಹಾಗಿದೆ. ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಉತ್ತರದ ಬಹುಪಾಲು ಆ ಚರಂಡಿಯ ಸುತ್ತಮುತ್ತಲೇ ಇರುತ್ತದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಹೇಳಿಬಿಡುತ್ತೇನೆ. ಆಮದು ಸುಂಕ ಪೂರ್ತಿಯಾಗಿ ಕೇಂದ್ರ ಸರ್ಕಾರದ್ದು. ಅದರಲ್ಲಿ ರಾಜ್ಯಕ್ಕೇ ಅಧಿಕಾರವಿಲ್ಲ, ಇನ್ನು ಪಂಚಾಯಿತಿಯ ಮಾತೆಲ್ಲಿ. ಹೊರಗಿನ ಮಾಲು ಊರೊಳಗೆ ಬರುವಾಗ ಸುಂಕ ಹಾಕುವ ಆಕ್ಟ್ರಾಯ್ ಪದ್ಧತಿ ಕರ್ನಾಟಕದಲ್ಲಿ 1979ರಲ್ಲೇ ಹೋಯಿತು. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ 2017ರ ಜುಲೈನಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಯಿತು. ಹಾಗಾಗಿ ಚೀನಾ ನೂಲನ್ನು ತಡೆಯುವ ಗೇಟು ನಿಮ್ಮ ಹತ್ತಿರ ಇಲ್ಲ.

ಆ ಗೇಟು ದೆಹಲಿಯಲ್ಲಿ ಹೇಗೆ ತೆರೆದು ಮುಚ್ಚಿತು ಅಂತ ನೋಡಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ ಒಂದೇ ಸಲ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರ ಬಜೆಟ್‌ನಲ್ಲಿ ಅದನ್ನು 15ಕ್ಕೆ ಏರಿಸಿದರು. ಆಮೇಲೆ 10ಕ್ಕೆ ಇಳಿಯಿತು. 2021ರಲ್ಲಿ ಮತ್ತೆ 15 ಆಯಿತು. ಹತ್ತು ವರ್ಷದಲ್ಲಿ ನಾಲ್ಕು ಸಲ ಬದಲಾವಣೆ. ಹಿಪ್ಪುನೇರಳೆ ಕಡ್ಡಿ ನೆಟ್ಟರೆ ತೋಟ ಹದಿನೈದು ವರ್ಷ ಇರುತ್ತದೆ. ಹುಳುಮನೆ ಕಟ್ಟಿದ ಸಾಲ ವರ್ಷಗಟ್ಟಲೆ ತೀರುವುದಿಲ್ಲ. ಸುಂಕ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಏರಿಳಿಯುತ್ತದೆ. ನಿಮ್ಮ ಜನರ ಸಿಟ್ಟಿಗೆ ನ್ಯಾಯವಾದ ಕಾರಣ ಇದೆ.

ಹಾಗಂತ "ಆಮದು ಪೂರ್ತಿ ನಿಲ್ಲಿಸಿ" ಎಂಬ ಕೂಗಿಗೆ ಸುಮ್ನೆ ದನಿಗೂಡಿಸಬೇಡಿ. ನಿಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ ದೊಡ್ಡಬಳ್ಳಾಪುರ ಇದೆ. ಅಲ್ಲಿ ಮಗ್ಗದ ಮುಂದೆ ಕೂತವನಿಗೆ ನೂಲಿನ ಬೆಲೆ ಏರಿದರೆ ಸೀರೆ ನೇಯುವುದೇ ಕಷ್ಟ. ಗೂಡು ಬೆಳೆಯುವವನಿಗೆ ಬರುವ ಬೆಲೆ ನೇಕಾರನಿಗೆ ಖರ್ಚು. ಇಬ್ಬರೂ ಬಡವರೇ. ಇದನ್ನು ಮರೆತು ಮಾತಾಡಿದರೆ ನಮ್ಮ ನಮ್ಮಲ್ಲೇ ಜಗಳ ಹುಟ್ಟುತ್ತದೆ.

ಈಗ ನೇಕಾರ ಚೀನಾ ನೂಲನ್ನು ಯಾಕೆ ಕೇಳುತ್ತಾನೆ? ಬೆಲೆ ಒಂದು ಕಾರಣ, ಅದು ಹೌದು. ಇನ್ನೊಂದು ಕಾರಣ ನೂಲಿನ ಸಮತನ. ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೆ, ಹಾಕುವ ನೂಲು ಎಲ್ಲಾ ಕಡೆ ಒಂದೇ ದಪ್ಪ ಇರಬೇಕು, ಗಟ್ಟಿ ಇರಬೇಕು. ಪವರ್‌ಲೂಮ್‌ನ ವೇಗಕ್ಕೆ ಪದೇ ಪದೇ ಎಳೆ ಹರಿದರೆ ದಿನದ ಕೂಲಿ ಹೋಯಿತು. ನಮ್ಮ ಚರಕದ ನೂಲು ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹೋಗುತ್ತದೆ. ಹಾಸಿಗೆ ಬೈವೋಲ್ಟೀನ್ ಎಂಬ ಉತ್ತಮ ತಳಿಯ ಒಳ್ಳೆಯ ಗೂಡಿನಿಂದ, ಒಳ್ಳೆಯ ಯಂತ್ರದಲ್ಲಿ ತೆಗೆದ ನೂಲೇ ಆಗಬೇಕು. ಅಂದರೆ ನೀವು "ಚೀನಾ ರೇಷ್ಮೆ" ಅಂತ ಕರೆಯುವ ಕಷ್ಟದಲ್ಲಿ ಒಂದು ಪಾಲು ಬಂದರಿನಿಂದ ಬರುತ್ತದೆ. ಇನ್ನೊಂದು ಪಾಲು ನಮ್ಮ ಹುಳುಮನೆಯಲ್ಲಿ, ನೂಲು ಬಿಚ್ಚುವ ನಮ್ಮ ಬೇಸಿನ್ನಿನ ನೀರಿನಲ್ಲಿ ಇದೆ. ಈ ಎರಡನೇ ಪಾಲಿನ ಮೇಲೆ ಪಂಚಾಯಿತಿ ಕೆಲಸ ಮಾಡಬಹುದು.

ಒಂದು ಚಿಕ್ಕ ಲೆಕ್ಕ ಹಾಕೋಣ. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ಒಂದು ಮೊಟ್ಟೆ ಅನ್ನುತ್ತಾರೆ) 60 ಕೆಜಿ ಗೂಡು ಬರುವ ಮನೆ ಅಂತ ಇಟ್ಟುಕೊಳ್ಳಿ. ಊಜಿ ನೊಣದಿಂದಲೋ ಹಾಲುತೊಂಡೆ ರೋಗದಿಂದಲೋ 10 ಕೆಜಿ ಕಳೆದುಹೋಯಿತು. ಆ ಮನೆಗೆ ಆದ ನಷ್ಟ ಎಷ್ಟು? ಗೂಡಿನ ಬೆಲೆ ಆರರಲ್ಲಿ ಒಂದು ಭಾಗ ಬಿದ್ದರೆ ಎಷ್ಟಾಗುತ್ತದೋ ಅಷ್ಟೇ. ನೂಲು ಬಿಚ್ಚುವವರದ್ದೂ ಹೀಗೇ. ಮಿಶ್ರತಳಿಯಲ್ಲಿ ಒಂದು ಕೆಜಿ ನೂಲಿಗೆ ಏಳೆಂಟು ಕೆಜಿ ಗೂಡು ಬೇಕು. ಗೂಡು ಕೆಜಿಗೆ 500 ರೂಪಾಯಿ ಅಂದುಕೊಳ್ಳಿ. ಎಂಟು ಕೆಜಿ ಹಿಡಿಯುವ ಕಡೆ ಏಳರಲ್ಲಿ ಆದರೆ ಕೆಜಿ ನೂಲಿಗೆ 500 ರೂಪಾಯಿ ಉಳಿಯಿತು. ಸುಂಕ ಐದು ಪಾಯಿಂಟು ಏರಲಿ ಅಂತ ನಾವು ವರ್ಷಗಟ್ಟಲೆ ಹೋರಾಡುತ್ತೇವೆ. ಹೋರಾಡಲೇಬೇಕು. ಆದರೆ ಅಷ್ಟೇ ದುಡ್ಡು ಪ್ರತಿ ತಿಂಗಳೂ ಊರಲ್ಲೇ ಸೋರಿಹೋಗುತ್ತಿರುತ್ತದೆ.

ಈ ಸೋರಿಕೆಯನ್ನು ಒಬ್ಬೊಬ್ಬರೇ ತಡೆಯಲು ಆಗದು, ಊರು ಒಟ್ಟಾಗಬೇಕು. ಊಜಿ ನೊಣವನ್ನೇ ನೋಡಿ. ಇದು ಕರ್ನಾಟಕದ್ದೇ ಅಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಗೂಡಿನ ಜೊತೆ ಇಲ್ಲಿಗೆ ಬಂತು. ವ್ಯಾಪಾರದ ಜೊತೆ ಕೀಟವೂ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಇಲ್ಲ. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಬೆಳೆದು ಹೊರಬಿದ್ದು, ನೆಲದ ಬಿರುಕು, ಮಣ್ಣಿನ ಸಂದಿಯಲ್ಲಿ ಕೋಶ ಕಟ್ಟುತ್ತದೆ. ಗೂಡು ತೂತಾಗುತ್ತದೆ, ನೂಲು ಬರುವುದಿಲ್ಲ. ನೀವು ನಿಮ್ಮ ಹುಳುಮನೆಗೆ ನೈಲಾನ್ ಪರದೆ ಕಟ್ಟಿದಿರಿ, ಬ್ಲೀಚಿಂಗ್ ಪೌಡರ್ ಹೊಡೆದಿರಿ. ಪಕ್ಕದ ಮನೆಯವರು ಮಾಡಲಿಲ್ಲ. ನೊಣಕ್ಕೆ ಯಾವ ಮನೆಯ ಗೋಡೆ ಎಲ್ಲಿ ಅಂತ ಗೊತ್ತಿರುತ್ತದಾ? ಊರೆಲ್ಲಾ ಒಂದೇ ವಾರದಲ್ಲಿ ಸ್ವಚ್ಛ ಮಾಡಿದರೆ ಮಾತ್ರ ಅದು ಹಿಡಿತಕ್ಕೆ ಬರುತ್ತದೆ. ಒಂದೇ ವಾರದಲ್ಲಿ ಊರೆಲ್ಲಾ ಮಾಡಿಸಲು ಯಾರಿಂದ ಸಾಧ್ಯ? ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರು ಔಷಧಿ, ತಿಳಿವಳಿಕೆ ಕೊಡಬಲ್ಲರು. ಊಜಿಯ ಕೋಶವನ್ನು ತಿನ್ನುವ ಪರಾವಲಂಬಿ ಕೀಟವನ್ನೂ ಕೊಡಿಸಬಲ್ಲರು. ಆದರೆ ದಿನ ಗೊತ್ತು ಮಾಡಿ, ಡಂಗುರ ಹೊಡೆಸಿ, ಮಾಡದಿದ್ದ ಮನೆಗೆ ಹೋಗಿ "ಯಾಕಪ್ಪಾ ಮಾಡಿಲ್ಲ" ಅಂತ ಕೇಳುವ ಹಕ್ಕು ಚುನಾಯಿತ ಸದಸ್ಯರಿಗೆ ಮಾತ್ರ ಇದೆ.

ಔಷಧಿ ಸಿಂಪಡಣೆ ಇನ್ನೊಂದು. ನಿಮ್ಮ ಭಾಗದಲ್ಲಿ ದ್ರಾಕ್ಷಿ ಇದೆ, ಟೊಮ್ಯಾಟೊ ಇದೆ, ಹೂ ಇದೆ. ಪಕ್ಕದ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಎಲ್ಲಾ ಹುಳುವೂ ಹೋಯಿತು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳು, ಇನ್ನು ವಾರದಲ್ಲಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕಾದದ್ದು, ಒಂದೇ ರಾತ್ರಿಯಲ್ಲಿ ಸತ್ತು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮನೆಯ ಹೆಂಗಸು ಅಳಲೂ ಇಲ್ಲ, ಸುಮ್ಮನೆ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತರುತ್ತಿದ್ದರು. ಇದಕ್ಕೆ ಚೀನಾ ಕಾರಣವಲ್ಲ, ಇಬ್ಬರು ನೆರೆಯವರ ನಡುವೆ ಮಾತು ಇಲ್ಲದ್ದು ಕಾರಣ. ನಾನು ಕಂಡ ಇನ್ನೊಂದು ಊರಿನಲ್ಲಿ ಮನೆಯಲ್ಲಿ ಹುಳು ಇರುವ ದಿನಗಳಲ್ಲಿ ತೋಟದ ಬದುವಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಅದನ್ನು ಕಂಡ ಪಕ್ಕದವರು ಹೇಳದೆ ಸಿಂಪಡಿಸುತ್ತಿರಲಿಲ್ಲ. ಗ್ರಾಮ ಸಭೆಯಲ್ಲಿ ಮಾಡಿಕೊಂಡ ಒಪ್ಪಂದ ಅದು. ಅದಕ್ಕೆ ಖರ್ಚಾದದ್ದು ಒಂದಿಷ್ಟು ಹಳೆ ಬಟ್ಟೆ.

ಈಗ ನಿಮ್ಮ ಚರಂಡಿಗೆ ಬರೋಣ. ನೂಲು ಬಿಚ್ಚಾಣಿಕೆಗೆ ನೀರೇ ಜೀವ. ಗಡಸು ನೀರಿನಲ್ಲಿ ಗೂಡು ಸರಿಯಾಗಿ ಬೇಯುವುದಿಲ್ಲ. ಎಳೆ ಹರಿಯುತ್ತದೆ, ನೂಲಿನ ಹೊಳಪು ಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಕೊಳವೆಬಾವಿ ನೀರು ಹೇಗಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ದೊಡ್ಡ ಘಟಕದವರು ನೀರು ಮೆದುಗೊಳಿಸುವ ಯಂತ್ರ ಇಟ್ಟುಕೊಳ್ಳುತ್ತಾರೆ. ನಾಲ್ಕು ಚರಕದ ಮನೆಯವರಿಗೆ ಅದು ಸಾಧ್ಯವಿಲ್ಲ. ಅವರಿಗೆಲ್ಲಾ ಸೇರಿ ಒಂದು ಕಡೆ ಮೆದು ನೀರು ಸಿಗುವಂತೆ ಮಾಡಿದರೆ ನೂಲಿನ ಗುಣಮಟ್ಟಕ್ಕೆ ನೇರ ಸಹಾಯ. ಮಳೆನೀರು ಹಿಡಿದಿಟ್ಟರೂ ಆಗುತ್ತದೆ, ಮಳೆನೀರು ಮೆದುವೇ ಅಲ್ವಾ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಬೀದಿಗೆ. ಗಬ್ಬು ವಾಸನೆ. ಅಕ್ಕಪಕ್ಕದವರ ತಕರಾರು. ಒಂದು ದಿನ ಮಾಲಿನ್ಯದ ದೂರು ಬರುತ್ತದೆ, ಘಟಕಕ್ಕೆ ನೋಟಿಸು ಬರುತ್ತದೆ. ಎಷ್ಟೋ ಚಿಕ್ಕ ಘಟಕಗಳನ್ನು ಮುಚ್ಚಿಸುವುದು ಪೈಪೋಟಿ ಒಂದೇ ಅಲ್ಲ, ಈ ವಾಸನೆ ಕೂಡ. ಮುಚ್ಚಿದ ಚರಂಡಿ, ಕೊನೆಯಲ್ಲಿ ಒಂದು ಇಂಗುಗುಂಡಿಯೋ ಶುದ್ಧೀಕರಣ ತೊಟ್ಟಿಯೋ ಇದ್ದರೆ ಅವರು ಉಳಿದುಕೊಳ್ಳುತ್ತಾರೆ. ಗೂಡಿನೊಳಗಿನ ಹುಳು, ಅಂದರೆ ಪ್ಯೂಪಾ, ದಿನವೂ ರಾಶಿ ಬೀಳುತ್ತದೆ. ಅದನ್ನು ಒಣಗಿಸಿದರೆ ಕೋಳಿ, ಮೀನಿನ ಆಹಾರಕ್ಕೆ ಮಾರಬಹುದು, ಎಣ್ಣೆಯನ್ನೂ ತೆಗೆಯುತ್ತಾರೆ. ಬೀದಿಯಲ್ಲಿ ಕೊಳೆತರೆ ಮಾತ್ರ ಕಸ. ಅದನ್ನು ಒಣಗಿಸಲು ಊರಾಚೆ ಒಂದು ಕಟ್ಟೆ, ಮೇಲೊಂದು ಚಾವಣಿ ಮಾಡಿಕೊಡಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು ಅದನ್ನು ನಡೆಸಬಲ್ಲರು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ನೀರು, ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿತ್ತು. ಉಳಿದ 40ನ್ನು ಸಂಬಳ ಬಿಟ್ಟು ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಆ 60 ಭಾಗವನ್ನು ಎಲ್ಲಾ ಬೀದಿಗೂ ಹತ್ತತ್ತು ಮೀಟರ್ ಚರಂಡಿ ಅಂತ ಹಂಚಿ ಮುಗಿಸಿದ ಪಂಚಾಯಿತಿಗಳೇ ಜಾಸ್ತಿ. ಎಲ್ಲಾ ಸದಸ್ಯರನ್ನೂ ಸಮಾಧಾನಪಡಿಸಬೇಕಲ್ಲ. ನಿಮಗಿರುವ ಕಷ್ಟ ನನಗೆ ಗೊತ್ತು. ಆದರೂ ಕೇಳುತ್ತೇನೆ. ಮುಂದಿನ ಅನುದಾನ ಬಂದಾಗ ಮೊದಲ ಚರಂಡಿ ರೀಲಿಂಗ್ ಮನೆಗಳಿರುವ ಬೀದಿಗೆ ಹೋಗಲಿ. ಆ ಒಂದು ಬೀದಿಯಿಂದ ಎಷ್ಟು ಮನೆಗೆ ಕೂಲಿ ಹುಟ್ಟುತ್ತದೆ ಅಂತ ಸಭೆಯಲ್ಲಿ ಲೆಕ್ಕ ಇಡಿ, ಬೇರೆ ಸದಸ್ಯರೂ ಒಪ್ಪುತ್ತಾರೆ.

ನೂಲು ಬಿಚ್ಚುವವರಲ್ಲಿ ಹಲವರು ಪಟ್ಟಣದಲ್ಲಿದ್ದಾರೆ, ನಗರಸಭೆಯ ಗಡಿಯಲ್ಲಿ. ಗೂಡು ನಿಮ್ಮ ಪಂಚಾಯಿತಿಯದ್ದು, ಬೇಸಿನ್ನು ಅವರದ್ದು. ಎರಡೂ ಕಡೆಯ ಅಧ್ಯಕ್ಷರು ವರ್ಷಕ್ಕೊಮ್ಮೆಯಾದರೂ ಒಂದೇ ಮೇಜಿನ ಸುತ್ತ ಕೂರಬೇಕು. ಸಂವಿಧಾನದಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಒಂದಿದೆ, ಹಳ್ಳಿ ಮತ್ತು ಪಟ್ಟಣದ ಯೋಜನೆಗಳನ್ನು ಜೋಡಿಸುವುದೇ ಅದರ ಕೆಲಸ. ಅದು ತಾನಾಗಿ ಕರೆಯಲಿ ಅಂತ ಕಾಯಬೇಡಿ.

ಈ ಕೆಲಸದಲ್ಲಿ ಹೆಂಗಸರ ಪಾಲು ಎಷ್ಟು ಅಂತ ನಿಮಗೇ ಚೆನ್ನಾಗಿ ಗೊತ್ತು. ಸೊಪ್ಪು ಕತ್ತರಿಸುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಬಿಸಿನೀರಲ್ಲಿ ಕೈ ಅದ್ದಿ ಎಳೆ ಹುಡುಕುವುದು. ಮಗು ಪಕ್ಕದಲ್ಲೇ ಹೊಗೆ, ಆವಿಯ ನಡುವೆ ಮಲಗಿರುತ್ತದೆ. 2023ರಲ್ಲಿ ಶುರುವಾದ, ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಯೋಜನೆ ಪಂಚಾಯಿತಿಯದ್ದೇ. ಅದನ್ನು ಪಂಚಾಯಿತಿ ಕಚೇರಿಯ ಪಕ್ಕ ಇಡುವ ಬದಲು ರೀಲಿಂಗ್ ಬೀದಿಯ ಹತ್ತಿರ ಇಟ್ಟರೆ ಎಷ್ಟು ಚೆನ್ನ.

ಇಷ್ಟೆಲ್ಲಾ ಮಾಡಿದರೂ ಒಂದು ದಿನ ಸುಂಕ ಇಳಿಯುತ್ತದೆ, ಬೆಲೆ ಬೀಳುತ್ತದೆ. ಆಗ ಪಂಚಾಯಿತಿಗೆ ಇನ್ನೊಂದು ಕೆಲಸ ಇದೆ, ದನಿ ಎತ್ತುವುದು. ಹಾಗೆಂದರೆ ಬರೀ ಮನವಿ ಪತ್ರ ಕೊಡುವುದು ಅಂತ ತಿಳಿಯಬೇಡಿ. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿದ್ದರು. ತೀರಾ ಕಡಿಮೆ ಬೆಲೆಗೆ ತಂದು ಸುರಿಯುವ ಮಾಲಿನ ಮೇಲೆ ಹಾಕುವ ಹೆಚ್ಚುವರಿ ಸುಂಕ ಅದು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಲ್ಲೇ ಇದಕ್ಕೆ ಅವಕಾಶ ಇದೆ. ಆದರೆ ಅದಕ್ಕೆ ಲೆಕ್ಕ ಬೇಕು. ಇಲ್ಲಿನ ಉತ್ಪಾದಕರಿಗೆ ಎಷ್ಟು ನಷ್ಟವಾಯಿತು, ಉತ್ಪಾದನೆ ಎಷ್ಟು ಇಳಿಯಿತು, ಎಷ್ಟು ಜನರ ಕೆಲಸ ಹೋಯಿತು ಅಂತ ಅಂಕಿಯಲ್ಲಿ ತೋರಿಸಬೇಕು. ಉಕ್ಕಿನ ಕಂಪನಿಗೆ ಇದು ಸುಲಭ. ಅದರ ಲೆಕ್ಕವೆಲ್ಲಾ ಒಂದೇ ಕಚೇರಿಯಲ್ಲಿ ಇರುತ್ತದೆ. ರೇಷ್ಮೆಯ ಲೆಕ್ಕ ಸಾವಿರಾರು ಹುಳುಮನೆಗಳಲ್ಲಿ ಚದುರಿಹೋಗಿದೆ. ಯಾರೂ ಬರೆದಿಟ್ಟಿಲ್ಲ. ನಮ್ಮ ನಷ್ಟ ನಮಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ.

ಅದಕ್ಕೇ ನಾನು ಹೋದ ಕಡೆಯೆಲ್ಲಾ ಒಂದು ಪುಸ್ತಕ ಇಡಿ ಅಂತ ಹೇಳುತ್ತೇನೆ. ಯಾವ ಮನೆಗೆ ಎಷ್ಟು ಎಕರೆ ಹಿಪ್ಪುನೇರಳೆ, ಯಾವ ಬೆಳೆಗೆ ಎಷ್ಟು ಮೊಟ್ಟೆ, ಚಾಕಿ (ಎಳೆಹುಳು) ಎಲ್ಲಿಂದ ತಂದರು, ರೋಗಕ್ಕೆ ಎಷ್ಟು ಹೋಯಿತು, ಯಾವ ದಿನ ಯಾವ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಯಿತು. ನೂಲು ಬಿಚ್ಚುವವರದ್ದಾದರೆ ಎಷ್ಟು ಬೇಸಿನ್ನು, ತಿಂಗಳಲ್ಲಿ ಎಷ್ಟು ದಿನ ನಿಂತಿತ್ತು, ಎಷ್ಟು ಜನಕ್ಕೆ ಕೂಲಿ. ಇದರಲ್ಲಿ ಅರ್ಧ ಮಾಹಿತಿ ಈಗಾಗಲೇ ಇದೆ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿಗೆ ಇಡಬೇಕು ಅನ್ನುವ ವ್ಯವಸ್ಥೆಗೆ ಬುನಾದಿ 1959ರ ಕಾನೂನು. ಈಗ ಹರಾಜು ಆನ್‌ಲೈನ್ ಆಗಿ, ರೈತನ ಕೈಗೆ ಚೀಟಿ ಬರುತ್ತದೆ. ಆ ಚೀಟಿಯನ್ನು ಮೊಳೆಗೆ ಚುಚ್ಚಿಟ್ಟು ವರ್ಷದ ಕೊನೆಗೆ ಎಸೆಯುತ್ತೇವೆ. ಅದೇ ಚೀಟಿಯನ್ನು ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಹುಡುಗಿ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು.

ಸಮಯವೂ ಮುಖ್ಯ. ಪಂಚಾಯಿತಿಯ ವಾರ್ಷಿಕ ಯೋಜನೆಯಾದ 'ನಮ್ಮ ಗ್ರಾಮ ನಮ್ಮ ಯೋಜನೆ'ಯ ಕೆಲಸ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಕೇಂದ್ರದ ಬಜೆಟ್ ಫೆಬ್ರುವರಿ 1ಕ್ಕೆ. ಸುಂಕದ ಬಗ್ಗೆ ಯಾರು ಏನು ಹೇಳಬೇಕೋ ಅದನ್ನು ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಹೇಳಬೇಕು. ಮಾರ್ಚ್‌ನಲ್ಲಿ ಧರಣಿ ಕೂತರೆ ತಡವಾಗಿರುತ್ತದೆ. ನವೆಂಬರ್‌ನ ಗ್ರಾಮ ಸಭೆಯಲ್ಲಿ ನಿಮ್ಮ ಪುಸ್ತಕದ ಲೆಕ್ಕವನ್ನು ಓದಿ, ನಿರ್ಣಯ ಮಾಡಿ. ಅದನ್ನು ಸಂಸದರಿಗೆ, ಕೇಂದ್ರ ರೇಷ್ಮೆ ಮಂಡಳಿಗೆ, ರಾಜ್ಯದ ರೇಷ್ಮೆ ಇಲಾಖೆಗೆ ಕಳಿಸಿ. ರೇಷ್ಮೆ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಒಂದು ಪಂಚಾಯಿತಿಯ ಕಾಗದ ಕಳೆದುಹೋಗಬಹುದು. ತಾಲ್ಲೂಕಿನ ಎಲ್ಲಾ ಪಂಚಾಯಿತಿಗಳೂ ಒಂದೇ ಮಾದರಿಯಲ್ಲಿ ಲೆಕ್ಕ ಇಟ್ಟು ಕಳಿಸಿದರೆ ಯಾರೂ ಪಕ್ಕಕ್ಕಿಡಲು ಆಗುವುದಿಲ್ಲ.

ಕಾಗದ ಎಷ್ಟು ಮುಖ್ಯ ಅನ್ನುವುದಕ್ಕೆ ಚನ್ನಪಟ್ಟಣದ ಬೊಂಬೆ ನೋಡಿ. ಚೀನಾದ ಅಗ್ಗದ ಆಟಿಕೆ ಬಂದು ಅರಗಿನ ಬಣ್ಣದ ಮರದ ಬೊಂಬೆ ಮಾಡುವವರು ಎಷ್ಟು ಕಷ್ಟಪಟ್ಟರು ಅಂತ ಎಲ್ಲರಿಗೂ ಗೊತ್ತು. 2020ರಲ್ಲಿ ಕೇಂದ್ರ ಆಟಿಕೆ ಮೇಲಿನ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿತು. 2021ರ ಜನವರಿ 1ರಿಂದ ಎಲ್ಲಾ ಆಟಿಕೆಗೂ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಹೊರಗಿನ ಕಳಪೆ ಮಾಲಿಗೆ ಅದು ಅಡ್ಡಗೋಡೆ. ಆದರೆ ಮನೆಯಲ್ಲಿ ಲೇತು ಇಟ್ಟುಕೊಂಡವನು ಆ ಪರೀಕ್ಷೆಯ ಖರ್ಚು ಕೊಡಬಲ್ಲನೇ? ಅದಕ್ಕೇ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಊರಿನ ಹೆಸರಿನ ವಿಶೇಷ ಮಾಲಿಗೆ ಸಿಗುವ ಭೌಗೋಳಿಕ ಗುರುತಿನ (ಜಿಐ) ಬಳಕೆದಾರರಾಗಿ ನೋಂದಾಯಿಸಿದವರಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ಕೊನೆಗೆ ಎಲ್ಲವೂ ಒಂದು ಗುರುತಿನ ಚೀಟಿಗೆ ಬಂದು ನಿಂತಿತು. ಚೀಟಿ ಇದ್ದವನಿಗೆ ರಕ್ಷಣೆ, ಇಲ್ಲದವನಿಗೆ ಅದೇ ನಿಯಮ ಕಂಟಕ. ದೊಡ್ಡ ದೊಡ್ಡ ಮಾತುಕತೆಗಳು ಕೆಳಗೆ ಬರುವಾಗ ಹೀಗೆ ಒಂದು ಚೀಟಿಯಾಗಿ ಬರುತ್ತವೆ. ಯಾರ ಮನೆಯಲ್ಲಿ ಚೀಟಿ ಇಲ್ಲ ಅಂತ ವಾರ್ಡಿನ ಸದಸ್ಯರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರೇಷ್ಮೆಯಲ್ಲೂ ಅಷ್ಟೇ. ನೂಲು ಬಿಚ್ಚುವ ಪರವಾನಗಿ, ಹುಳುಮನೆಯ ಸಹಾಯಧನ, ಬೆಳೆ ವಿಮೆ, ಎಲ್ಲಕ್ಕೂ ಹೆಸರು ಎಲ್ಲೋ ಒಂದು ಪಟ್ಟಿಯಲ್ಲಿರಬೇಕು.

ಹೊರದೇಶದಲ್ಲಿ ಸ್ಥಳೀಯ ಆಡಳಿತ ಏನು ಮಾಡಿದೆ ಅಂತ ಕೇಳುವವರಿಗೆ ನಾನು ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದ ಕತೆ ಹೇಳುತ್ತೇನೆ. ಲ್ಯಾಂಕಶೈರ್‌ನ ಊರು. ಹಿಂದೆ ಅಲ್ಲೂ ಮಗ್ಗಗಳೇ, ಹತ್ತಿಯದ್ದು. ಸುಮಾರು 70 ಕೋಟಿ ಪೌಂಡಿನ ಶಾಪಿಂಗ್ ಮಾಲ್ ಬರುತ್ತದೆ, ಊರು ಉದ್ಧಾರವಾಗುತ್ತದೆ ಅಂತ ವರ್ಷಗಟ್ಟಲೆ ಕಾದರು. 2011ರಲ್ಲಿ ಆ ಯೋಜನೆ ಬಿದ್ದುಹೋಯಿತು. ಆಮೇಲೆ ಅಲ್ಲಿನ ಕೌನ್ಸಿಲ್ ಬೇರೆ ದಾರಿ ಹಿಡಿಯಿತು. ಊರಿನಲ್ಲೇ ಇರುವ ಕೌನ್ಸಿಲ್, ಪೊಲೀಸ್, ಕಾಲೇಜುಗಳಂಥ ಆರು ಸಂಸ್ಥೆಗಳು ವರ್ಷಕ್ಕೆ ಖರೀದಿಗೆ ಎಷ್ಟು ಖರ್ಚು ಮಾಡುತ್ತವೆ, ಅದರಲ್ಲಿ ಊರಿನವರಿಗೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿತು. 2012-13ರಲ್ಲಿ ಪ್ರೆಸ್ಟನ್‌ಗೆ ಸಿಗುತ್ತಿದ್ದದ್ದು ಶೇಕಡಾ 5 ಮಾತ್ರ. ದೊಡ್ಡ ಗುತ್ತಿಗೆಗಳನ್ನು ಒಡೆದು, ಚಿಕ್ಕವರೂ ಟೆಂಡರ್ ಹಾಕುವ ಹಾಗೆ ಮಾಡಿದರು. 2016-17ಕ್ಕೆ ಅದು 18.2 ಆಯಿತು. ಹೊಸ ತೆರಿಗೆ ಹಾಕಲಿಲ್ಲ, ಇದ್ದ ದುಡ್ಡನ್ನೇ ಊರಲ್ಲಿ ಉಳಿಸಿದರು. ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಶಾಲೆ ಇದೆ, ಅಂಗನವಾಡಿ ಇದೆ, ಹಾಸ್ಟೆಲ್ ಇರಬಹುದು. ಮೊಟ್ಟೆ, ತರಕಾರಿ, ಸಮವಸ್ತ್ರ ಹೊಲಿಗೆ, ಬೆಂಚು, ಬಾಗಿಲು ಎಲ್ಲಿಂದ ಬರುತ್ತವೆ? ಎಲ್ಲವನ್ನೂ ನೀವು ಬದಲಿಸಲಾರಿರಿ, ಟೆಂಡರ್ ನಿಯಮಗಳಿವೆ. ಒಂದು ವರ್ಷದ ಲೆಕ್ಕ ತೆಗೆದು ನೋಡಲು ಯಾರ ಅಡ್ಡಿಯೂ ಇಲ್ಲ. ಗೂಡಿನ ಬೆಲೆ ಬಿದ್ದ ತಿಂಗಳಲ್ಲಿ ಮನೆಗೆ ಇನ್ನೊಂದು ಆದಾಯ ಇದ್ದರೆ ಆ ಮನೆಯವರು ಸಿಕ್ಕ ಬೆಲೆಗೆ ತೋಟ ಕಿತ್ತುಹಾಕುವುದಿಲ್ಲ.

ಜಾಗತೀಕರಣ ನಿಮ್ಮ ಕಡೆಗೆ ಇನ್ನೊಂದು ರೂಪದಲ್ಲೂ ಬರುತ್ತಿದೆ, ಕಾರ್ಖಾನೆಯ ರೂಪದಲ್ಲಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಈಗ ಅದೇ ತಾಲ್ಲೂಕಿನಲ್ಲಿ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತಿದೆ. ನಿಮ್ಮ ಊರಿನ ಹುಡುಗಿಯರು ಬಸ್ಸು ಹತ್ತಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿರಬಹುದು. ಅದು ಒಳ್ಳೆಯದೇ, ತಿಂಗಳ ಸಂಬಳ ಅಂದರೆ ಸಣ್ಣ ಮಾತಲ್ಲ. ಆದರೆ ಕಾರ್ಖಾನೆ ಭೂಮಿ ಕೇಳಿದಾಗ, ನೀರು ಕೇಳಿದಾಗ ಪಂಚಾಯಿತಿ ಎಚ್ಚರವಾಗಿರಬೇಕು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇನ್ನು ಕೇರಳದ ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯಿತಿ. ಪ್ಲಾಚಿಮಡದ ಕೋಕಾ ಕೋಲಾ ಘಟಕಕ್ಕೆ ಮೊದಲು ಪರವಾನಗಿ ಕೊಟ್ಟದ್ದೂ ಆ ಪಂಚಾಯಿತಿಯೇ. ಬಾವಿಗಳ ನೀರು ಕೆಟ್ಟಾಗ 2003ರಲ್ಲಿ ಅದನ್ನು ನವೀಕರಿಸುವುದಿಲ್ಲ ಅಂದದ್ದೂ ಅದೇ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದಿತು, 2005ರಲ್ಲಿ ಇನ್ನೊಂದು ಪೀಠದ ಮುಂದೆ ಸೋತಿತು. ಆದರೆ 2004ರ ಮಾರ್ಚ್‌ನಲ್ಲಿ ನಿಂತ ಘಟಕ ಮತ್ತೆ ಸರಿಯಾಗಿ ನಡೆಯಲೇ ಇಲ್ಲ. ನಾನು ಇದರಿಂದ ಕಲಿತದ್ದು ಇಷ್ಟು. ನೀರಿನ ಷರತ್ತನ್ನು ಮೊದಲ ಕಾಗದದಲ್ಲೇ ಬರೆಸಿಕೊಳ್ಳಬೇಕು. ದಿನಕ್ಕೆ ಎಷ್ಟು ಎತ್ತುತ್ತಾರೆ, ಯಾರು ಅಳೆಯುತ್ತಾರೆ, ಬಳಸಿದ ನೀರನ್ನು ಎಲ್ಲಿ ಬಿಡುತ್ತಾರೆ.

ಇದೆಲ್ಲಾ ಪಂಚಾಯಿತಿಯ ಕೆಲಸವೇ ಅಂತ ಯಾರಾದರೂ ಅಧಿಕಾರಿ ಕೇಳಿದರೆ ಸಂವಿಧಾನದ 243ಜಿ ವಿಧಿ ತೋರಿಸಿ. ಆರ್ಥಿಕ ಅಭಿವೃದ್ಧಿಗೆ ಮತ್ತು ಸಾಮಾಜಿಕ ನ್ಯಾಯಕ್ಕೆ ಯೋಜನೆ ಮಾಡುವ ಅಧಿಕಾರ, ಹೊಣೆಯನ್ನು ರಾಜ್ಯ ಕಾನೂನಿನ ಮೂಲಕ ಪಂಚಾಯಿತಿಗೆ ಕೊಡಬಹುದು ಅಂತ ಅದರಲ್ಲಿದೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ಕೈಗಾರಿಕೆ, ಗುಡಿ ಕೈಗಾರಿಕೆ, ಸಂತೆ ಮತ್ತು ಮಾರುಕಟ್ಟೆ ಎಲ್ಲವೂ ಇವೆ. ಅದಕ್ಕಿಂತ ಹತ್ತು ವರ್ಷ ಮೊದಲೇ, 1983ರಲ್ಲಿ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ ಕಾನೂನು ನಮ್ಮ ರಾಜ್ಯದಲ್ಲಿ ಈ ದಾರಿ ತೋರಿಸಿತ್ತು. ಹಳ್ಳಿಯವರಿಗೆ ಆರ್ಥಿಕತೆ ಅರ್ಥವಾಗುವುದಿಲ್ಲ ಅಂತ ಅವರು ನಂಬಿರಲಿಲ್ಲ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ, ತೆರಿಗೆ ಬಿಡುವುದು. ಬೇಡ ಅಂತಲೇ ನನ್ನ ಸಲಹೆ. ಚಿಕ್ಕ ರೀಲಿಂಗ್ ಮನೆ ವರ್ಷಕ್ಕೆ ಕಟ್ಟುವ ಕಟ್ಟಡ ತೆರಿಗೆ, ಅವರು ಒಂದು ದಿನಕ್ಕೆ ಕೊಳ್ಳುವ ಗೂಡಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಅದನ್ನು ಬಿಟ್ಟರೆ ಅವರು ಉಳಿಯುವುದಿಲ್ಲ, ನಿಮ್ಮ ಪಂಚಾಯಿತಿಯ ಸ್ವಂತ ಆದಾಯ ಮಾತ್ರ ಕರಗುತ್ತದೆ. ನೀವು ಬಿಟ್ಟರೆ ನಾಳೆ ಪಕ್ಕದ ಪಂಚಾಯಿತಿಯೂ ಬಿಡಬೇಕಾಗುತ್ತದೆ. ನಾಡಿದ್ದು ದೊಡ್ಡ ಗೋದಾಮಿನವರು ಬಂದು "ಅವರಿಗೆ ಬಿಟ್ಟಿದ್ದೀರಿ, ನಮಗೂ ಬಿಡಿ" ಅನ್ನುತ್ತಾರೆ. ಅವರಿಗೆ ಹೇಗೆ ಇಲ್ಲ ಅನ್ನುತ್ತೀರಿ? ತೆರಿಗೆ ತೆಗೆದುಕೊಳ್ಳಿ. ಅಷ್ಟನ್ನೂ, ಸಾಧ್ಯವಾದರೆ ಅದಕ್ಕೆ ಇನ್ನಷ್ಟು ಸೇರಿಸಿ, ಅದೇ ಬೀದಿಯ ನೀರಿಗೆ, ಚರಂಡಿಗೆ, ಪ್ಯೂಪಾ ಕಟ್ಟೆಗೆ ಹಾಕಿ. ರಸೀದಿಯ ಹಿಂದೆಯೇ ಬರೆದುಕೊಡಿ, ಈ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ. ಮುಂದಿನ ಸಭೆಯಲ್ಲಿ ಆ ಸದಸ್ಯರ ಮುಂದೆ ಎರಡು ಲೆಕ್ಕ ಇಡಿ. ತೆರಿಗೆ ಬಿಟ್ಟರೆ ಒಂದು ಮನೆಗೆ ವರ್ಷಕ್ಕೆ ಎಷ್ಟು ಉಳಿಯುತ್ತದೆ ಅನ್ನುವುದು ಒಂದು. ಮೆದು ನೀರು ಸಿಕ್ಕಿ, ಒಂದು ಕೆಜಿ ನೂಲಿಗೆ ಹಿಡಿಯುವ ಗೂಡು ಅರ್ಧ ಕೆಜಿ ಕಡಿಮೆಯಾದರೆ ಎಷ್ಟು ಉಳಿಯುತ್ತದೆ ಅನ್ನುವುದು ಇನ್ನೊಂದು. ಎರಡನೆಯ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ನಿಮ್ಮ ಬೀದಿಯ ಯಾವುದೇ ರೀಲರ್ ಅಣ್ಣನನ್ನು ಕೇಳಿ, ಬಾಯಿಪಾಠ ಹೇಳುತ್ತಾರೆ. ಅದನ್ನೇ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಳ್ಳಿ.